ಎರೆನೆಲದ ಹಿತ್ತಲಿಗೆ ಮೊದಲ ಮಳೆ

ರಾಯಚೂರು ಜಿಲ್ಲೆಯ ಸಿಂಧನೂರು ತಾಲ್ಲೂಕಿನ ಗೊರೇಬಾಳ ತುಂಗಭದ್ರಾ ಎಡದಂಡೆ ಕಾಲುವೆಯಿಂದ ಹೆಸರಾದ ಭತ್ತದ ಸೀಮೆಗೆ ಸೇರಿದ್ದರೂ, ಇಂಥ ಊರುಗಳ ಹಿತ್ತಲಿನ ಬದನೆ, ಹೀರೆ, ಕರಿಬೇವುಗಳು ಬೇಸಿಗೆಯುದ್ದಕ್ಕೂ ಕೊಡದಲ್ಲಿ ಹೊತ್ತು ತಂದ ನೀರನ್ನೇ ನೆಚ್ಚಿ ಉಳಿದು, ರೋಹಿಣಿ, ಮೃಗಶಿರಾ ಮಳೆಗಳಿಗಾಗಿ ಕಾಯುತ್ತವೆ.

ಈ ಭಾಗದ ಎರೆಮಣ್ಣಿನಲ್ಲಿ, ನೀರು ಕುಡಿದಾಗ ಉಬ್ಬಿ ಒಣಗಿದಾಗ ಕುಗ್ಗುವ ಜೇಡಿಯ ಅಂಶ ಹೆಚ್ಚಾಗಿರುವುದರಿಂದ ದೀರ್ಘ ಬರದಲ್ಲಿ ನೆಲ ಆಳವಾಗಿ ಬಿರಿಯುತ್ತದೆ. ಮೊದಲ ಮಳೆಯ ನೀರು ಆ ಬಿರುಕುಗಳ ಮೂಲಕ ನೇರವಾಗಿ ಕೆಳಗಿಳಿದು, ಬಳಿಕ ಮಣ್ಣು ಉಬ್ಬಿ ಬಿರುಕು ಮುಚ್ಚಿಕೊಂಡಂತೆ ಇಂಗುವ ವೇಗ ತಗ್ಗಿ, ಮಡಿಗಳಲ್ಲಿ ನೀರು ನಿಲ್ಲತೊಡಗುತ್ತದೆ. ಆಗ ಹರಡುವ ಮಣ್ಣಿನ ಪರಿಮಳಕ್ಕೆ, ಸ್ಟ್ರೆಪ್ಟೊಮೈಸಿಸ್ ಎಂಬ ಸೂಕ್ಷ್ಮಜೀವಿಗಳು ಉತ್ಪಾದಿಸುವ ಜಿಯೋಸ್ಮಿನ್ ಎಂಬ ರಾಸಾಯನಿಕ ಮುಖ್ಯ ಕಾರಣ. ಒಣಗಿದ್ದ ಮಣ್ಣು ನೆನೆದೊಡನೆ ಅದರ ಸೂಕ್ಷ್ಮಜೀವಿಗಳು ಚುರುಕಾಗಿ, ಸಾವಯವ ಪದಾರ್ಥ ಕೊಳೆತು, ಗಿಡಗಳಿಗೆ ದಕ್ಕುವ ಸಾರಜನಕ ಬಿಡುಗಡೆಯಾಗುತ್ತದೆ.

ಮಳೆಯ ಇನ್ನೊಂದು ಉಪಕಾರ ಇದಕ್ಕಿಂತಲೂ ದೊಡ್ಡದು: ನೀರಾವರಿಯ ಎರೆನೆಲದಲ್ಲಿ ಬಸಿಯುವಿಕೆ ಸಾಲದೆ ಮೇಲೇರುವ ಲವಣಗಳು, ಅಂದರೆ ರೈತರು ಸವಳು ಎನ್ನುವ ಬಿಳಿ ಪದರ, ಲವಣಾಂಶ ತೀರ ಕಡಿಮೆಯಿರುವ ಮಳೆನೀರಿನಲ್ಲಿ ಕರಗಿ ಬೇರಿನ ವಲಯದಿಂದ ಕೆಳಗಿಳಿಯುತ್ತವೆ, ಆದರೆ ನೀರು ಬಸಿದುಹೋಗಲು ದಾರಿಯಿಲ್ಲದಿದ್ದರೆ ಈ ಲಾಭ ಸಿಗದು.

ಹಸಿ ಎರೆಮಣ್ಣನ್ನು ತುಳಿದರೆ ಅದು ಗಟ್ಟಿಯಾಗಿ ಬೇರಿಗೆ ಗಾಳಿ ತಪ್ಪುವುದರಿಂದ, ಮಳೆ ಬಿದ್ದ ಕೂಡಲೇ ಅಗೆಯಲು ಇಳಿಯದೆ, ಹದ ಬಂದ ಮೇಲೆ ಬೆಂಡೆ, ಚವಳಿ, ಹೀರೆಯ ಬೀಜ ಊರಿ, ಒಣ ಹುಲ್ಲಿನ ಹೊದಿಕೆ ಹಾಸಿ ತೇವ ಕಾಪಾಡಿಕೊಳ್ಳಬೇಕು.