ದೂರದ ತಂಡ, ಹತ್ತಿರದ ಮೈದಾನ

ಅಥಣಿ ತಾಲ್ಲೂಕಿನ ಐಗಳಿಯ ಕಡೆ ಆಟವೆಂದರೆ ಮೊದಲು ನೆನಪಾಗುವುದು ಕುಸ್ತಿಯ ಕಣ. ಜಾತ್ರೆಯ ಕುಸ್ತಿಯಲ್ಲಿ ಯಾವ ಪೈಲವಾನನ ಪಕ್ಷ ವಹಿಸಬೇಕೆಂಬುದನ್ನು ಅಲ್ಲಿ ಯಾರೂ ಯಾರಿಗೂ ಕಲಿಸಬೇಕಾಗಿಲ್ಲ. ತನ್ನೂರಿನವನು ಗೆಲ್ಲಬೇಕು, ಅವನಿಲ್ಲದಿದ್ದರೆ ನೆರೆಯೂರಿನವನಾದರೂ ಗೆಲ್ಲಬೇಕು. ಅಭಿಮಾನವು ಹೊಲಮನೆಗಳಂತೆ ಹಿರಿಯರಿಂದ ಬಂದ ಆಸ್ತಿ.

ಇಂಥ ಊರುಗಳಿಂದ ಓದಲೆಂದು ಪಟ್ಟಣ ಸೇರಿದ ತರುಣರಲ್ಲಿ ಈಗ ಒಂದು ವಿಚಿತ್ರ ಭಕ್ತಿ ಕಾಣಬರುತ್ತಿದೆ. ಇವರು ಇಂಗ್ಲೆಂಡಿನ ಕಾಲ್ಚೆಂಡಿನ ತಂಡಗಳಿಗೆ ಮನಸೋತವರು. ಅಲ್ಲಿಯ ಶನಿವಾರ ಮಧ್ಯಾಹ್ನ ಮೂರು ಗಂಟೆಯೆಂದರೆ ಚಳಿಗಾಲದಲ್ಲಿ ನಮಗೆ ರಾತ್ರಿ ಎಂಟೂವರೆ. ವಾರದ ನಡುವಿನ ಪಂದ್ಯವಾದರೆ ಎಷ್ಟೋ ಸಲ ನಡುರಾತ್ರಿ ಕಳೆದು ಒಂದೂವರೆಗೆ ಆರಂಭವಾಗುತ್ತದೆ. ಇದನ್ನು ಕಂಡ ಅಜ್ಜಿ, "ಅವರೇನು ನಮ್ಮ ಬೀಗರೇನೋ ತಮ್ಮಾ, ಅವರ ಸಲುವಾಗಿ ನಿದ್ದಿಗೆಡಾಕ?" ಎಂದು ಕೇಳಿದರೆ ಆಶ್ಚರ್ಯವಿಲ್ಲ. ಪ್ರಶ್ನೆ ಸರಳವಾಗಿದೆ, ಉತ್ತರ ಅಷ್ಟು ಸರಳವಲ್ಲ.

ಈ ಗೊಂದಲ ನಮ್ಮವರಿಗೆ ಮಾತ್ರ ಮೀಸಲಲ್ಲ. ಅಮೆರಿಕದಲ್ಲಿಯೂ ಇಂಗ್ಲಿಷ್ ಕಾಲ್ಚೆಂಡಿಗೆ ಹೊಸದಾಗಿ ಒಲಿದವರು ಅನೇಕರಿದ್ದಾರೆ. ಅವರನ್ನು ಮೊದಲು ಬೆರಗುಗೊಳಿಸುವುದು ತಂಡಗಳ ಏರಿಳಿತ. ಅವರ ದೇಶದ ದೊಡ್ಡ ಲೀಗುಗಳಲ್ಲಿ ಕಡೆಯ ಸ್ಥಾನ ಪಡೆದ ತಂಡವೂ ಮರುವರ್ಷ ಅದೇ ಲೀಗಿನಲ್ಲಿ ಆಡುತ್ತದೆ. ಇಂಗ್ಲೆಂಡಿನ ಪ್ರೀಮಿಯರ್ ಲೀಗಿನಲ್ಲಿ ಹಾಗಲ್ಲ. 20 ತಂಡಗಳು ತಲಾ 38 ಪಂದ್ಯಗಳನ್ನಾಡುತ್ತವೆ. ಗೆಲುವಿಗೆ 3 ಅಂಕ, ಸಮಕ್ಕೆ 1. ಕೊನೆಯ 3 ತಂಡಗಳು ಕೆಳಗಿನ ದರ್ಜೆಗೆ ಇಳಿಯಲೇಬೇಕು. ಲೆಸ್ಟರ್ ಸಿಟಿ ತಂಡವು 2014ರಲ್ಲಿ ಮೇಲೇರಿ ಬಂದು, 2016ರಲ್ಲಿ ಎಲ್ಲರನ್ನೂ ಮೀರಿಸಿ ಚಾಂಪಿಯನ್ ಪಟ್ಟವೇರಿತು. 2023ರಲ್ಲಿ ಅದೇ ತಂಡ ಮತ್ತೆ ಕೆಳಗಿಳಿಯಿತು. ಏಳು ವರ್ಷಗಳಲ್ಲಿ ಸಿಂಹಾಸನವೂ ವನವಾಸವೂ!

ಊರಿನಿಂದ ಹುಟ್ಟಿದ ತಂಡಗಳು

ಇಂದು ಜಗತ್ತೇ ಬಲ್ಲ ಈ ತಂಡಗಳ ಮೂಲವನ್ನು ಕೆದಕಿದರೆ ನಮ್ಮ ಕುಸ್ತಿಯ ಕಣವೇ ನೆನಪಾಗುತ್ತದೆ. ಆರ್ಸೆನಲ್ ತಂಡವನ್ನು 1886ರಲ್ಲಿ ಕಟ್ಟಿದವರು ವುಲಿಚ್‌ನ ಶಸ್ತ್ರಾಸ್ತ್ರ ಕಾರ್ಖಾನೆಯ ಕೆಲಸಗಾರರು. ಮ್ಯಾಂಚೆಸ್ಟರ್ ಯುನೈಟೆಡ್ 1878ರಲ್ಲಿ ನ್ಯೂಟನ್ ಹೀತ್‌ನ ರೈಲ್ವೆ ಕಾರ್ಮಿಕರ ತಂಡವಾಗಿ ಜನ್ಮತಾಳಿತು. ಎವರ್ಟನ್ ಒಂದು ಚರ್ಚಿನ ಆಶ್ರಯದಲ್ಲಿ ಬೆಳೆಯಿತು. ಅದು ತನ್ನ ಮೈದಾನದ ಬಾಡಿಗೆಯ ವಿಷಯದಲ್ಲಿ ಜಗಳವಾಡಿ ಹೊರನಡೆದಾಗ, ಬರಿದಾದ ಆ್ಯನ್‌ಫೀಲ್ಡ್ ಮೈದಾನದಲ್ಲಿ 1892ರಲ್ಲಿ ಲಿವರ್‌ಪೂಲ್ ಹುಟ್ಟಿತು.

ಇಂಥ ದೃಶ್ಯಕ್ಕೆ ಐಗಳಿಯವರು ಇಂಗ್ಲೆಂಡಿನವರೆಗೆ ಹೋಗಬೇಕಾಗಿಲ್ಲ. ಗಡಿಯಾಚೆಯ ಕೊಲ್ಲಾಪುರದಲ್ಲಿ ಕುಸ್ತಿಗೆ ಖಾಸಬಾಗ್ ಕಣವಿರುವಂತೆ ಕಾಲ್ಚೆಂಡಿಗೆ ಶಾಹೂ ಸ್ಟೇಡಿಯಂ ಇದೆ. ಅಲ್ಲಿ ಸೆಣಸುವ ತಂಡಗಳ ಹೆಸರನ್ನು ನೋಡಿ: ಪಾಟಾಕಡೀಲ್ ತಾಲೀಮು, ಖಂಡೋಬಾ ತಾಲೀಮು, ಬಾಲಗೋಪಾಲ ತಾಲೀಮು, ದಿಲ್‌ಬಹಾರ್ ತಾಲೀಮು. ಗರಡಿಮನೆಯ ಹೆಸರನ್ನೇ ಹೊತ್ತು ಚೆಂಡು ಒದೆಯುವ ಈ ತಂಡಗಳು ಪೇಟೆಪೇಟೆಯ ಮಾನವನ್ನು ಹೆಗಲ ಮೇಲಿಟ್ಟುಕೊಂಡಿವೆ. ಆ ಪೇಟೆಗಳಲ್ಲಿ ಹುಟ್ಟದವನಿಗೆ ಅಲ್ಲಿ ಯಾವ ಪಕ್ಷ?

ಹೊಸಬನ ಸಂಕಟವಿರುವುದು ಇಲ್ಲಿಯೇ. ಹುಟ್ಟಿನಿಂದ ಬಂದ ಅಭಿಮಾನವನ್ನು ಯಾರೂ ಪ್ರಶ್ನಿಸುವುದಿಲ್ಲ. ಆರಿಸಿಕೊಂಡ ಅಭಿಮಾನ ಮಾತ್ರ ದಿನದಿನವೂ ಪ್ರಮಾಣ ಒದಗಿಸಬೇಕು. ಗೆದ್ದ ವರ್ಷ ಅಂಗಿ ತೊಟ್ಟು, ಸೋತ ವರ್ಷ ಬೇರೊಂದು ತಂಡದ ಅಂಗಿ ಕೊಳ್ಳುವವನನ್ನು ಯಾವ ಊರಿನ ಅಭಿಮಾನಿಯೂ ತನ್ನವನೆಂದು ಒಪ್ಪಲಾರನು. ಸತತ ಸೋಲುಗಳನ್ನು ನುಂಗಿ, ನಿದ್ದೆಗೆಟ್ಟು, ಮರುವಾರವೂ ಅದೇ ತಂಡಕ್ಕಾಗಿ ಕಾದು ಕುಳಿತವನಿಗೆ ಊರಿನ ಚೀಟಿ ಕೇಳುವುದು ನ್ಯಾಯವಲ್ಲ.

ಛೆಟ್ರಿಯ ಬಿನ್ನಹ

ಆದರೆ ಮತ್ತೊಂದು ಪ್ರಶ್ನೆ ಉಳಿದಿದೆ. ದೂರದ ಬೆಟ್ಟ ನುಣ್ಣಗೆ ಕಂಡಾಗ ಹತ್ತಿರದ ಮೈದಾನದ ಗತಿಯೇನು? 2018ರ ಜೂನ್ ತಿಂಗಳಲ್ಲಿ ಮುಂಬಯಿಯಲ್ಲಿ ಭಾರತ ತಂಡವು ಚೈನೀಸ್ ತೈಪೆಯನ್ನು 5–0 ಅಂತರದಿಂದ ಸೋಲಿಸಿತು. ನಾಯಕ ಸುನಿಲ್ ಛೆಟ್ರಿ ಮೂರು ಗೋಲು ಹೊಡೆದರು. ನೋಡಲು ಬಂದವರು ಸುಮಾರು ಎರಡೂವರೆ ಸಾವಿರ ಮಂದಿ ಮಾತ್ರ. ಮರುದಿನ ಛೆಟ್ರಿ ಜನತೆಗೆ ಒಂದು ಬಿನ್ನಹ ಮಾಡಿದರು. ಯೂರೋಪಿನ ತಂಡಗಳ ಅಭಿಮಾನಿಗಳನ್ನೂ ಕರೆದು, ನಮ್ಮ ಆಟ ಅವರ ಮಟ್ಟದ್ದಲ್ಲವೆಂಬುದನ್ನು ಒಪ್ಪಿಕೊಂಡು, ಬೈಯುವುದಾದರೂ ಮೈದಾನಕ್ಕೆ ಬಂದು ಬೈಯಿರಿ ಎಂದು ಬೇಡಿಕೊಂಡರು. ಕೀನ್ಯಾದೊಡನೆ ನಡೆದ ಮುಂದಿನ ಪಂದ್ಯಕ್ಕೆ ಟಿಕೆಟುಗಳೆಲ್ಲ ಮಾರಾಟವಾದವು. ಅದು ಅವರ ನೂರನೆಯ ಅಂತಾರಾಷ್ಟ್ರೀಯ ಪಂದ್ಯ.

ನಮ್ಮ ನಾಡಿನ ಕಾಲ್ಚೆಂಡಿಗೂ ಹೇಳಿಕೊಳ್ಳುವಂಥ ಕುಲವುಂಟು. ಬೆಂಗಳೂರು ಮುಸ್ಲಿಮ್ಸ್ ತಂಡವು 1937 ಮತ್ತು 1938ರಲ್ಲಿ ರೋವರ್ಸ್ ಕಪ್ ಗೆದ್ದಿತು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸಿನ ವಿರುದ್ಧ ಭಾರತದ ಏಕೈಕ ಗೋಲು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. 2013ರಲ್ಲಿ ಹುಟ್ಟಿದ ಬೆಂಗಳೂರು ಎಫ್.ಸಿ. ಇಂಗ್ಲೆಂಡಿನ ಆ್ಯಶ್ಲಿ ವೆಸ್ಟ್‌ವುಡ್ ಅವರ ಶಿಕ್ಷಣದಲ್ಲಿ ಮೊದಲ ಋತುವಿನಲ್ಲಿಯೇ ಐ-ಲೀಗ್ ಗೆದ್ದಿತು, 2016ರಲ್ಲಿ ಎ.ಎಫ್.ಸಿ. ಕಪ್ಪಿನ ಅಂತಿಮ ಪಂದ್ಯ ತಲುಪಿದ ಮೊದಲ ಭಾರತೀಯ ಕ್ಲಬ್ಬಾಯಿತು. ಕಂಠೀರವ ಕ್ರೀಡಾಂಗಣದಲ್ಲಿ 'ವೆಸ್ಟ್ ಬ್ಲಾಕ್ ಬ್ಲೂಸ್' ಎಂಬ ಅಭಿಮಾನಿಗಳ ಬಳಗವು ಹಾಡಿ, ಕುಣಿದು, ಎದೆ ಬಿರಿಯುವಂತೆ ಕೂಗುವುದನ್ನು ಕೇಳಿದವರಿಗೆ ಇಂಗ್ಲೆಂಡಿನ ಮೈದಾನಗಳು ನೆನಪಾದಾವು.

ಈ ಕ್ಲಬ್ಬಿನ ವಿಶೇಷವೇನೆಂದರೆ, ಅದನ್ನು ತಾತನಿಂದ ಬಳುವಳಿಯಾಗಿ ಪಡೆದವರು ಯಾರೂ ಇಲ್ಲ. ಅದರ ಅಭಿಮಾನಿಗಳೆಲ್ಲರೂ ಒಂದು ದಿನ ಹೊಸಬರಾಗಿಯೇ ಒಳಗೆ ಬಂದವರು. ಅಲ್ಲಿ ಬಸವನಗುಡಿಯವನಿಗಿರುವಷ್ಟೇ ಹಕ್ಕು ಐಗಳಿಯವನಿಗೂ ಇದೆ.

ಇಂಥ ತಂಡಕ್ಕೂ ಕಷ್ಟಕಾಲ ತಪ್ಪಲಿಲ್ಲ. ದೇಶದ ಪ್ರಮುಖ ಲೀಗಿನ ಹಕ್ಕುಗಳ ಒಪ್ಪಂದ ಇತ್ಯರ್ಥವಾಗದೆ ಮುಂದಿನ ಋತುವೇ ಅನಿಶ್ಚಿತವಾದಾಗ, 2025ರ ಆಗಸ್ಟಿನಲ್ಲಿ ಆ ಕ್ಲಬ್ಬು ತನ್ನ ಆಟಗಾರರ ಸಂಬಳವನ್ನು ತಡೆಹಿಡಿದುದಾಗಿ ಪ್ರಕಟಿಸಬೇಕಾಯಿತು. ಲಿವರ್‌ಪೂಲಿಗೆ ನಮ್ಮ ಒಬ್ಬ ಅಭಿಮಾನಿ ಇಲ್ಲದಿದ್ದರೂ ನಡೆದೀತು; ನಮ್ಮ ತಂಡಗಳಿಗೆ ಒಬ್ಬೊಬ್ಬ ಪ್ರೇಕ್ಷಕನೂ ಬೇಕು. ಇಂಗ್ಲೆಂಡಿನ ತಂಡಕ್ಕಾಗಿ ನಡುರಾತ್ರಿ ಎದ್ದು ಕೂಡುವ ತರುಣನು ನಿಷ್ಠೆಯ ಪಾಠವನ್ನು ಚೆನ್ನಾಗಿಯೇ ಕಲಿತಿದ್ದಾನೆ. ರಾತ್ರಿಯ ಆ ಪಂದ್ಯವನ್ನು ಅವನು ಬಿಡಬೇಕಾಗಿಲ್ಲ. ವರ್ಷಕ್ಕೆ ಒಂದೆರಡು ಸಲವಾದರೂ ಟಿಕೆಟು ಕೊಂಡು ನಮ್ಮ ಮೈದಾನದ ಮೆಟ್ಟಿಲನ್ನೂ ಹತ್ತಲಿ.