ಒಂದು ಲಾರಿಯಿಂದ ವಿಮಾನದವರೆಗೆ: ಹೊಸ ವ್ಯವಹಾರಕ್ಕೆ ಇಳಿಯುವ ಮುನ್ನ

ಕಳೆದ ಸಾಮಾನ್ಯ ಸಭೆಯಲ್ಲಿ ಎದ್ದ ಒಂದು ಪ್ರಶ್ನೆಗೆ ನಾವು ಅಂದು ಸಮರ್ಪಕವಾಗಿ ಉತ್ತರಿಸಲಾಗಲಿಲ್ಲ. ಸಂಘದ ಮೀಸಲು ನಿಧಿಗೆ ಬ್ಯಾಂಕಿನ ಸಾಲವನ್ನು ಸೇರಿಸಿ ನಾಲ್ಕು ಲಾರಿಗಳನ್ನು ಕೊಳ್ಳಬೇಕು, ಹೆದ್ದಾರಿ ಬದಿಯಲ್ಲಿರುವ ನಮ್ಮ ನಿವೇಶನದಲ್ಲಿ ಪ್ರವಾಸಿಗರಿಗಾಗಿ ವಸತಿಗೃಹ ಕಟ್ಟಬೇಕು ಎಂಬ ಸಲಹೆ ಬಂದಿತ್ತು. ಅದನ್ನು ಅನುಮೋದಿಸುತ್ತ ತರುಣ ಸದಸ್ಯರೊಬ್ಬರು, “ಒಂದೇ ಲಾರಿಯಿಂದ ಶುರುಮಾಡಿ ವಿಮಾನ ಇಟ್ಟವರು ನಮ್ಮ ರಾಜ್ಯದಲ್ಲೇ ಇದ್ದಾರೆ. ನಾವು ಮಾತ್ರ ಎಷ್ಟು ದಿನ ಅಡಿಕೆ ಚೀಲ ಎಣಿಸುತ್ತ ಕೂರುವುದು?” ಎಂದು ಕೇಳಿದರು. ಸಭೆ ಚಪ್ಪಾಳೆ ತಟ್ಟಿತು. ನಮಗೂ ಆ ಮಾತು ಹಿಡಿಸಿತೆಂಬುದನ್ನು ಒಪ್ಪಿಕೊಳ್ಳಬೇಕು.

ಅವರು ಹೇಳಿದ್ದು ಹುಬ್ಬಳ್ಳಿಯ ವಿ.ಆರ್.ಎಲ್. ಸಂಸ್ಥೆಯನ್ನು ಕುರಿತು. ಹಳದಿ ಬಣ್ಣದ ಆ ಲಾರಿಗಳನ್ನು ನೋಡದ ಊರು ನಮ್ಮಲ್ಲಿಲ್ಲ. ಆದರೆ ಆ ಸಂಸ್ಥೆಯ ಕಥೆಯನ್ನು ನಾವು ಅರ್ಧ ಮಾತ್ರ ಕೇಳಿದ್ದೇವೆ. ಉಳಿದರ್ಧವನ್ನೂ ಕೇಳಿ ತೀರ್ಮಾನಿಸುವುದು ಒಳ್ಳೆಯದೆಂದು ಈ ಲೇಖನ.

ಚಿಲ್ಲರೆ ಸರಕಿನ ವಿದ್ಯೆ

ಗದಗಿನ ವಿಜಯ ಸಂಕೇಶ್ವರ ಅವರದು ಮುದ್ರಣ ಮತ್ತು ಪ್ರಕಾಶನದ ಮನೆತನ. ಅವರು 1976ರಲ್ಲಿ ಒಂದೇ ಒಂದು ಲಾರಿಯಿಂದ ಸಾಗಾಣಿಕೆ ಆರಂಭಿಸಿದರು. ಮುಂದೆ ಹುಬ್ಬಳ್ಳಿಗೆ ನೆಲೆ ಬದಲಿಸಿದರು. 1983ರಲ್ಲಿ ಅದು ಕಂಪೆನಿಯಾಗಿ ನೋಂದಣಿಯಾಯಿತು. ಇಂದು ಅದರ ಬಳಿ ಐದು ಸಾವಿರಕ್ಕೂ ಹೆಚ್ಚು ಸರಕು ವಾಹನಗಳಿವೆ.

ಈ ಬೆಳವಣಿಗೆಯ ಗುಟ್ಟು ಲಾರಿಗಳ ಸಂಖ್ಯೆಯಲ್ಲಿಲ್ಲ, ಚಿಲ್ಲರೆ ಸರಕಿನಲ್ಲಿದೆ. ಇಡೀ ಲಾರಿಯನ್ನು ಒಬ್ಬನೇ ವ್ಯಾಪಾರಿ ಬಾಡಿಗೆಗೆ ಹಿಡಿದರೆ ದರ ನಿಗದಿಮಾಡುವವನು ಅವನೇ; ಪೈಪೋಟಿಗೆ ಊರಿಗೆ ಹತ್ತು ಲಾರಿ ಮಾಲಿಕರಿರುತ್ತಾರೆ. ಆದರೆ ಒಬ್ಬನ ಎರಡು ಮೂಟೆ, ಮತ್ತೊಬ್ಬನ ಒಂದು ಪೆಟ್ಟಿಗೆ, ಇನ್ನೊಬ್ಬನ ಪಂಪ್‌ಸೆಟ್ಟು, ಹೀಗೆ ನೂರಾರು ಜನರ ಸರಕನ್ನು ಕೂಡಿಸಿ ಒಯ್ಯುವುದಾದರೆ ಕಿಲೋ ಲೆಕ್ಕದಲ್ಲಿ ಬಾಡಿಗೆ ಹೆಚ್ಚು ಹುಟ್ಟುತ್ತದೆ. ಆ ಕೆಲಸಕ್ಕೆ ಊರೂರಿಗೂ ಬುಕಿಂಗ್ ಆಫೀಸು ಬೇಕು. ಸರಕು ಇಳಿಸಿ, ದಿಕ್ಕು ವಿಂಗಡಿಸಿ, ಮತ್ತೆ ಏರಿಸಲು ದೊಡ್ಡ ಗೋಡೌನು ಬೇಕು. ಹಮಾಲರು, ಗುಮಾಸ್ತರು, ತಪ್ಪಿಲ್ಲದ ಚೀಟಿ ಲೆಕ್ಕ ಬೇಕು. ಇದನ್ನು ಕಟ್ಟಲು ವರ್ಷಗಳೇ ಹಿಡಿಯುತ್ತವೆ. ಒಮ್ಮೆ ಕಟ್ಟಿದ ಮೇಲೆ ಅದನ್ನು ನಾಳೆಯೇ ನಕಲು ಮಾಡಲು ಯಾರಿಂದಲೂ ಆಗುವುದಿಲ್ಲ.

ವಾಹನದ ಆರೈಕೆಯೂ ಅಷ್ಟೇ ಮುಖ್ಯ. ಹುಬ್ಬಳ್ಳಿ ಬಳಿಯ ವರೂರಿನಲ್ಲಿ ಅವರು ದೊಡ್ಡ ವರ್ಕ್‌ಶಾಪನ್ನೇ ಕಟ್ಟಿದರು. ಲಾರಿಯ ಬೆಲೆ ಲೆಕ್ಕಪತ್ರದಲ್ಲಿ ಸವೆದುಹೋದ ಮೇಲೂ ಅದನ್ನು ರಸ್ತೆಯಲ್ಲಿ ಓಡಿಸಿ ದುಡಿಸುವುದು ಅವರ ಪದ್ಧತಿ. ಫಸಲು ಮುಗಿದ ಮೇಲೂ ಗಿಡದ ಆರೈಕೆ ಬಿಡದ ಬೆಳೆಗಾರನಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ.

ಪಕ್ಕದ ತೋಟ, ದೂರದ ತೋಟ

ಮೂಲ ಕಸುಬು ಗಟ್ಟಿಯಾದ ಮೇಲೆ ಸಂಸ್ಥೆ ಹೊಸ ವ್ಯವಹಾರಗಳಿಗೆ ಕೈಹಾಕಿತು. 1992ರಲ್ಲಿ ಕೊರಿಯರ್ ಸೇವೆ ಬಂತು. ಅದೇ ಆಫೀಸು, ಅದೇ ಗುಮಾಸ್ತ, ಅದೇ ದಾರಿ. ಮೂಟೆಯ ಬದಲು ಲಕೋಟೆ. 1996ರಲ್ಲಿ ಪ್ರಯಾಣಿಕರ ಬಸ್ಸುಗಳು ಬಂದವು. ಡೀಸೆಲ್, ಟಯರು, ಮೆಕ್ಯಾನಿಕ್ಕು, ಡ್ರೈವರು ಎಲ್ಲವೂ ಪರಿಚಿತವೇ. ಆದರೂ ಸರಕು ಬೇರೆ, ಜನ ಬೇರೆ. ಮೂಟೆ ಒಂದು ದಿನ ತಡವಾದರೆ ದೂರು ಬರುತ್ತದೆ, ಬಸ್ಸು ಅಪಘಾತವಾದರೆ ಪ್ರಾಣ ಹೋಗುತ್ತದೆ. ಹಬ್ಬ ಮತ್ತು ರಜೆಯಲ್ಲಿ ಸೀಟು ಸಿಗದು, ಉಳಿದ ದಿನ ಸೀಟು ತುಂಬದು. 2020ರ ಮಾರ್ಚಿನಲ್ಲಿ ದೇಶಕ್ಕೆ ಬೀಗ ಬಿದ್ದಾಗ ಎಲ್ಲರ ಬಸ್ಸುಗಳೂ ನಿಂತವು. ಅಗತ್ಯ ವಸ್ತುಗಳ ಲಾರಿಗಳಿಗಾದರೂ ದಾರಿ ಇತ್ತು.

ಇವೆರಡೂ ಪಕ್ಕದ ತೋಟಗಳು. ಬೇಲಿ ದಾಟಿದರೆ ಮಣ್ಣು ಹೆಚ್ಚುಕಡಿಮೆ ಒಂದೇ. ಆಮೇಲಿನವು ದೂರದ ತೋಟಗಳು.

1999ರಲ್ಲಿ ಸಂಕೇಶ್ವರ ಅವರು ‘ವಿಜಯ ಕರ್ನಾಟಕ’ ದಿನಪತ್ರಿಕೆಯನ್ನು ಹೊರಡಿಸಿದರು. ಪತ್ರಿಕೆ ಎಂದರೆ ಕಾಗದ, ಯಂತ್ರ, ಸಂಬಳ ಎಂದು ಪ್ರತಿ ರಾತ್ರಿ ಹಣ ನುಂಗುವ ವ್ಯವಹಾರ; ಎದುರಿಗೆ ದಶಕಗಳಿಂದ ಬೇರೂರಿದ ಪತ್ರಿಕೆಗಳು. ಕಡಿಮೆ ಬೆಲೆ, ಹಲವು ಊರುಗಳಿಂದ ಆವೃತ್ತಿ, ಇವುಗಳ ಬಲದಿಂದ ಕೆಲವೇ ವರ್ಷಗಳಲ್ಲಿ ಅದು ಪ್ರಸಾರದಲ್ಲಿ ಮುಂದಿನ ಸಾಲಿಗೆ ಬಂದಿತು. 2006ರಲ್ಲಿ ಅದನ್ನು ಟೈಮ್ಸ್ ಸಮೂಹಕ್ಕೆ ಮಾರಲಾಯಿತು. ಇಲ್ಲಿ ಗಮನಿಸಬೇಕಾದ ಸಂಗತಿ ಎರಡು. ಮುದ್ರಣ ಅವರಿಗೆ ಹುಟ್ಟಿನಿಂದ ಗೊತ್ತಿದ್ದ ಕಸುಬು. ಜೊತೆಗೆ, ಪತ್ರಿಕೆಯನ್ನು ಲಾರಿಯ ಕಂಪೆನಿಯೊಳಗೆ ಬೆರೆಸದೆ ಬೇರೆಯೇ ಕಂಪೆನಿಯಲ್ಲಿ ಇಟ್ಟಿದ್ದರು. ಆದ್ದರಿಂದ ಮಾರುವಾಗ ಒಂದು ಲಾರಿಯನ್ನೂ ಮುಟ್ಟಬೇಕಾಗಲಿಲ್ಲ. 2012ರಲ್ಲಿ ಬಂದ ‘ವಿಜಯವಾಣಿ’ಯೂ 2017ರಲ್ಲಿ ಬಂದ ‘ದಿಗ್ವಿಜಯ’ ವಾಹಿನಿಯೂ ಹೀಗೆಯೇ ಬೇರೆ ಬುಟ್ಟಿಯಲ್ಲಿದ್ದವು.

ಗದಗ ಜಿಲ್ಲೆಯ ಕಪ್ಪತಗುಡ್ಡದಲ್ಲಿ 2006-07ರ ಸುಮಾರಿಗೆ 34 ಗಾಳಿಯಂತ್ರಗಳನ್ನು ನಿಲ್ಲಿಸಿದರು, ಒಟ್ಟು 42.5 ಮೆಗಾವ್ಯಾಟ್. ಲಾರಿಯವರಿಗೂ ಗಾಳಿಗೂ ಏನು ಸಂಬಂಧ ಎಂದು ಕೇಳಬಹುದು. ಆ ಕಾಲದಲ್ಲಿ ಗಾಳಿಯಂತ್ರಕ್ಕೆ ಹಾಕಿದ ಹಣದ ಶೇ. 80ನ್ನು ಸವಕಳಿಯೆಂದು ತೋರಿಸಿ ಆದಾಯ ತೆರಿಗೆ ಉಳಿಸಬಹುದಿತ್ತು. ಲಾಭವಿದ್ದ ಅನೇಕ ಉದ್ಯಮಗಳು ಆ ಕಾರಣಕ್ಕೇ ಗಾಳಿಗೆ ಹೋದವು. ಮೇಲೆ ಬಾಡಿಗೆ ವಿಮಾನದ ಸಣ್ಣ ವ್ಯವಹಾರವೂ 2008ರಲ್ಲಿ ಸೇರಿತು. ನಮ್ಮ ತರುಣ ಮಿತ್ರರು ಹೇಳಿದ ವಿಮಾನ ಅದೇ.

ಷೇರುದಾರರು ಹೆದರಿದ ದಿನ

2015ರ ಏಪ್ರಿಲ್‌ನಲ್ಲಿ ಸಂಸ್ಥೆ ತನ್ನ ಷೇರುಗಳನ್ನು ಸಾರ್ವಜನಿಕರಿಗೆ ತಲಾ 205 ರೂಪಾಯಿಗೆ ನೀಡಿತು. ಮಾರಾಟಕ್ಕಿಟ್ಟ ಷೇರುಗಳಿಗಿಂತ ಸುಮಾರು 74 ಪಟ್ಟು ಬೇಡಿಕೆ ಬಂದಿತು. ಲಾರಿಯನ್ನು ನಂಬಿ ಜನ ಹಣ ತಂದರು.

ವರ್ಷ ತುಂಬುವ ಮೊದಲೇ, 2016ರ ಆರಂಭದಲ್ಲಿ, ಪ್ರವರ್ತಕರು ಪ್ರಾದೇಶಿಕ ವಿಮಾನಯಾನ ಸಂಸ್ಥೆಯೊಂದನ್ನು ಕಟ್ಟುವ ಯೋಚನೆ ಹೊರಗೆಡಹಿದರು. ಹಾಕುವ ಹಣ ತಮ್ಮ ಸ್ವಂತದ್ದು, ಕಂಪೆನಿಯದಲ್ಲ ಎಂದೂ ಹೇಳಿದರು. ಆದರೂ ಷೇರಿನ ಬೆಲೆ ಧಡಕ್ಕನೆ ಕುಸಿಯಿತು. ಮುಂದೆ ಆ ಯೋಜನೆಯನ್ನು ಕೈಬಿಡಲಾಯಿತು.

ಹಣ ತಮ್ಮದಲ್ಲದಿದ್ದರೂ ಷೇರುದಾರರು ಹೆದರಿದ್ದೇಕೆ? ಒಂದು ಕಾರಣ, ಬೆಂಗಳೂರಿನಲ್ಲೇ ಎಲ್ಲರೂ ಕಂಡಿದ್ದ ಉದಾಹರಣೆ. ಮದ್ಯದ ಉದ್ಯಮದಿಂದ ಬಂದ ಕಿಂಗ್‌ಫಿಷರ್ ವಿಮಾನಗಳು 2005ರಲ್ಲಿ ಹಾರಿದವು, 2007ರಲ್ಲಿ ಏರ್ ಡೆಕ್ಕನ್ ಸಂಸ್ಥೆಯನ್ನೂ ಸೇರಿಸಿಕೊಂಡವು, 2012ರ ಅಕ್ಟೋಬರಿನಲ್ಲಿ ನೆಲಕ್ಕಿಳಿದವು. ನೌಕರರ ಸಂಬಳ ಬಾಕಿ ಉಳಿಯಿತು, ಬ್ಯಾಂಕುಗಳ ಸಾಲ ಮುಳುಗಿತು, ಮೂಲ ಮದ್ಯದ ಕಂಪೆನಿಯ ಹಿಡಿತವೂ ಕೈತಪ್ಪಿತು. ಎರಡನೆಯ ಕಾರಣ ಇನ್ನೂ ಮುಖ್ಯವಾದುದು. ಯಜಮಾನನ ಗಮನವೂ ಬಂಡವಾಳವೇ. ತೋಟದ ಒಡೆಯ ಪೇಟೆಯಲ್ಲಿ ಅಂಗಡಿ ತೆರೆದರೆ, ಅಂಗಡಿಗೆ ತೋಟದ ಹಣ ಒಂದು ಪೈಸೆ ಹೋಗದಿದ್ದರೂ, ಕೊಳೆರೋಗ ಬಂದದ್ದು ಅವನಿಗೆ ಎಂಟು ದಿನ ತಡವಾಗಿ ತಿಳಿಯುತ್ತದೆ.

ಕಥೆಯ ಉಳಿದರ್ಧ ಇದು. 2022-23ರ ಸುಮಾರಿಗೆ ವಿ.ಆರ್.ಎಲ್. ಕಂಪೆನಿ ಬಸ್ಸುಗಳ ವ್ಯವಹಾರವನ್ನು ಪ್ರವರ್ತಕರದೇ ಬೇರೆ ಕಂಪೆನಿಗೆ ವಹಿಸಿತು, ಗಾಳಿಯಂತ್ರಗಳನ್ನು ಮಾರಿತು, ಬಾಡಿಗೆ ವಿಮಾನದಿಂದಲೂ ಹೊರಬಂದಿತು. ಕಂಪೆನಿಯಲ್ಲಿ ಉಳಿದದ್ದು ಸರಕು ಸಾಗಾಣಿಕೆ. ಲಾರಿಯಿಂದ ವಿಮಾನಕ್ಕೆ ಹೋದವರೆಂದು ನಾವು ಚಪ್ಪಾಳೆ ತಟ್ಟುತ್ತಿರುವಾಗ ಆ ಕಂಪೆನಿ ಮರಳಿ ಲಾರಿಗೆ ಬಂದು ನಿಂತಿದೆ. ಇದನ್ನು ಸೋಲೆಂದು ನಾವು ಹೇಳುತ್ತಿಲ್ಲ. ಮೂಲ ಕಸುಬಿಗೆ ಧಕ್ಕೆ ಬಾರದಂತೆ ಹೋಗಿ ಬರಲು ಅವರಿಗೆ ಸಾಧ್ಯವಾದದ್ದೇ ಅವರ ಜಾಣತನ.

ಹೋದವರು ಮರಳಿ ಬಾರದಿದ್ದಾಗ

ಎಲ್ಲರಿಗೂ ಹಾಗೆ ಮರಳುವುದು ಸಾಧ್ಯವಾಗಿಲ್ಲ. ಇದೇ ಕಸುಬಿನ ಅಮೆರಿಕದ ಕಂಪೆನಿಯೊಂದರ ಕಥೆಯನ್ನು ಇಲ್ಲಿ ಸ್ಮರಿಸಬೇಕು. 1929ರಲ್ಲಿ ಆರಿಗನ್ ರಾಜ್ಯದ ಪೋರ್ಟ್‌ಲೆಂಡಿನಲ್ಲಿ ಹುಟ್ಟಿದ ಕನ್ಸಾಲಿಡೇಟೆಡ್ ಫ್ರೈಟ್‌ವೇಸ್ ಆ ದೇಶದ ದೊಡ್ಡ ಲಾರಿ ಕಂಪೆನಿಗಳಲ್ಲಿ ಒಂದು. ತನಗೆ ಬೇಕಾದ ಹಗುರ ಲಾರಿ ಪೇಟೆಯಲ್ಲಿ ಸಿಗದಿದ್ದಾಗ ಅದು ತಾನೇ ಅಲ್ಯೂಮಿನಿಯಮ್ ಬಳಸಿ ಲಾರಿ ತಯಾರಿಸಿತು. ಅದೇ ಫ್ರೈಟ್‌ಲೈನರ್. ಅದು ಪಕ್ಕದ ತೋಟ, ಫಲ ಕೊಟ್ಟಿತು. 1981ರಲ್ಲಿ ಜರ್ಮನಿಯ ಡೈಮ್ಲರ್ ಬೆನ್ಜ್ ಅದನ್ನು ಕೊಂಡುಕೊಂಡಿತು.

1989ರಲ್ಲಿ ಕಂಪೆನಿ ಎಮರಿ ಎಂಬ ವಿಮಾನ ಸರಕು ಸಂಸ್ಥೆಯನ್ನು ಸಾಲ ಮಾಡಿ ಕೊಂಡಿತು. ಲಾರಿಯಲ್ಲಿ ಹೋಗುವುದೂ ಸರಕೇ, ವಿಮಾನದಲ್ಲಿ ಹೋಗುವುದೂ ಸರಕೇ ಎಂಬುದು ಲೆಕ್ಕಾಚಾರ. ಆದರೆ ಎಮರಿ ಆಗಲೇ ನಷ್ಟದಲ್ಲಿತ್ತು. ಆ ನಷ್ಟ ಇಡೀ ಸಮೂಹವನ್ನೇ ಅಲುಗಾಡಿಸಿತು. 1996ರಲ್ಲಿ ಸಮೂಹವು ಹೊಸ ವ್ಯವಹಾರಗಳನ್ನು ಇಟ್ಟುಕೊಂಡು ಹಳೆಯ ಲಾರಿ ಕಂಪೆನಿಯನ್ನೇ ಬೇರೆ ಮಾಡಿ ಹೊರಗಿಟ್ಟಿತು. ಎಮರಿಯ ವಿಮಾನಗಳು 2001ರಲ್ಲಿ ಹಾರಾಟ ನಿಲ್ಲಿಸಿದವು. 2002ರ ಸೆಪ್ಟೆಂಬರಿನಲ್ಲಿ, ಅಲ್ಲಿನ ಕಾರ್ಮಿಕ ದಿನದಂದೇ, ಲಾರಿ ಕಂಪೆನಿ ಬಾಗಿಲು ಹಾಕಿತು. ಕೆಲಸ ಕಳೆದುಕೊಂಡವರು ಸುಮಾರು 15,500 ಮಂದಿ. ವಿಮಾನವೊಂದೇ ಅದಕ್ಕೆ ಕಾರಣವಲ್ಲ. 1980ರ ನಂತರ ದರಗಳ ಮೇಲಿನ ಸರ್ಕಾರಿ ಕಟ್ಟಳೆ ಸಡಿಲವಾಗಿ ಪೈಪೋಟಿಯೂ ಹೆಚ್ಚಿತ್ತು. ಆದರೆ ಪೈಪೋಟಿ ಹೆಚ್ಚಿದ ಹೊತ್ತಿನಲ್ಲೇ ಯಜಮಾನರ ಹಣ, ಗಮನ ಎರಡೂ ಬೇರೆಡೆ ಇದ್ದವೆಂಬುದು ದಿಟ.

ನಮ್ಮ ಲೆಕ್ಕ

ಈಗ ನಮ್ಮ ಮನೆಗೆ ಬರೋಣ. ಹಳೆಯ ಸದಸ್ಯರಿಗೆ ನೆನಪಿರಬಹುದು, ನಾವೂ ಒಮ್ಮೆ ಹಳೆಯ ಲಾರಿಯೊಂದನ್ನು ಕೊಂಡಿದ್ದೆವು. ಕಾಫಿ ಮತ್ತು ಅಡಿಕೆಯ ಕಾಲದಲ್ಲಿ ಅದಕ್ಕೆ ಬಿಡುವಿರಲಿಲ್ಲ. ಮಳೆ ಹಿಡಿದ ಮೇಲೆ ಗೋಡೌನಿನ ಮುಂದೆ ನಿಂತಿತು. ಕ್ಯೂರಿಂಗ್ ವರ್ಕ್ಸಿಗೆ ತುಂಬಿ ಹೋದದ್ದು ಖಾಲಿ ಬರುತ್ತಿತ್ತು. ತೆರಿಗೆ, ವಿಮೆ, ಟಯರು, ಡ್ರೈವರ ಸಂಬಳ ಮಾತ್ರ ಹನ್ನೆರಡು ತಿಂಗಳೂ ನಡೆದವು. ಮೂರನೆಯ ಮಳೆಗಾಲಕ್ಕೆ ಮಾರಿಬಿಟ್ಟೆವು. ಅಂದು ಕಾಗದಕ್ಕೆ ಸಹಿ ಹಾಕಿದವರು ನಾವೇ. ಆ ತಪ್ಪನ್ನು ಬೇರೆ ಯಾರ ತಲೆಗೂ ಕಟ್ಟುವುದಿಲ್ಲ.

ಹಾಗೆಂದು ಸಹಕಾರಿ ಸಂಘ ಹೊಸದಕ್ಕೆ ಕೈಹಾಕಲೇಬಾರದೆಂದಲ್ಲ. 1973ರಲ್ಲಿ ಅಡಿಕೆ ಮಾರಾಟಕ್ಕೆಂದು ಮಂಗಳೂರಿನಲ್ಲಿ ಹುಟ್ಟಿದ ಕ್ಯಾಂಪ್ಕೊ, ಕೊಕ್ಕೊ ಕೊಳ್ಳುವವರಿಲ್ಲದೆ ಬೆಳೆಗಾರರು ಕಂಗೆಟ್ಟಾಗ ತಾನೇ ಕೊಳ್ಳಲು ಮುಂದಾಯಿತು. 1986ರಲ್ಲಿ ಪುತ್ತೂರಿನಲ್ಲಿ ಚಾಕಲೇಟು ಕಾರ್ಖಾನೆಯನ್ನೇ ತೆರೆಯಿತು. ಅಡಿಕೆಯವರಿಗೆ ಚಾಕಲೇಟು ಹೊಸದೇ. ಆದರೆ ಆ ಕೊಕ್ಕೊ ಸದಸ್ಯರ ಅಡಿಕೆ ತೋಟದ ನೆರಳಿನಲ್ಲೇ ಬೆಳೆದದ್ದು. ಹೊಸ ವ್ಯವಹಾರ ಸದಸ್ಯನ ಅಂಗಳದಿಂದ ಹೊರಟಿತು, ಅವನ ಅಂಗಳಕ್ಕೇ ಮರಳಿತು.

ಆದ್ದರಿಂದ ನಾಲ್ಕು ಲಾರಿ, ವಸತಿಗೃಹ ಎರಡನ್ನೂ ನಾವು ನಾಲ್ಕು ಪ್ರಶ್ನೆಗಳಿಂದ ಅಳೆಯಬೇಕು. ಒಂದು, ಈ ಕೆಲಸ ನಮ್ಮಲ್ಲಿ ಯಾರಿಗೆ ಬರುತ್ತದೆ? ಎರಡು, ಮಳೆಗಾಲದ ನಾಲ್ಕು ತಿಂಗಳು ಅದು ಏನು ದುಡಿಯುತ್ತದೆ? ಮೂರು, ಮುಳುಗಿದರೆ ಮುಳುಗುವ ಹಣ ಯಾರದು? ನಾಲ್ಕು, ಮುಳುಗಿದ ಮರುದಿನ ಸದಸ್ಯನ ಅಡಿಕೆಯನ್ನು ತೂಗಿ ಮುಂಗಡ ಕೊಡಲು ಸಂಘದಲ್ಲಿ ಹಣ ಉಳಿದಿರುತ್ತದೆಯೇ?

ಮೂರನೆಯ ಪ್ರಶ್ನೆಯ ಬಗ್ಗೆ ಒಂದು ಮಾತು. ಕಾನೂನಿನಂತೆ ಪ್ರತಿ ವರ್ಷ ನಿವ್ವಳ ಲಾಭದಲ್ಲಿ ಕನಿಷ್ಠ ನಾಲ್ಕನೇ ಒಂದು ಪಾಲನ್ನು ಮೀಸಲು ನಿಧಿಗೆ ಎತ್ತಿಡುತ್ತ ಬಂದಿದ್ದೇವೆ. ಅಡಿಕೆ ಧಾರಣೆ ಬಿದ್ದ ವರ್ಷ, ಕಾಫಿ ಹೂವಿನ ಹೊತ್ತಿಗೆ ಮಳೆ ಕೈಕೊಟ್ಟ ವರ್ಷ ನಮ್ಮನ್ನು ಎತ್ತಿ ನಿಲ್ಲಿಸಬೇಕಾದ ಹಣ ಅದು. ಉದ್ಯಮಿ ತನ್ನ ಹಣ ಪಣಕ್ಕಿಡಬಹುದು, ಅದು ಅವನ ಹಕ್ಕು. ಎರಡು ಎಕರೆ ತೋಟದ ವಿಧವೆ ಸದಸ್ಯೆಯ ಪಾಲನ್ನು ಪಣಕ್ಕಿಡಲು ನಮಗೆ ಯಾವ ಹಕ್ಕೂ ಇಲ್ಲ.

ನಮ್ಮ ಸಲಹೆ ಇಷ್ಟು. ಮೀಸಲು ನಿಧಿಯನ್ನು ಮುಟ್ಟುವುದು ಬೇಡ. ಈ ಸಾಲಿನಲ್ಲಿ ನಾಲ್ಕು ಲಾರಿಗಳನ್ನು ಕೊಳ್ಳುವ ಬದಲು ಫಸಲಿನ ಕಾಲಕ್ಕೆ ಒಪ್ಪಂದದ ಮೇಲೆ ಬಾಡಿಗೆಗೆ ಹಿಡಿದು, ಹೋಗುವಾಗ ಅಡಿಕೆ-ಕಾಫಿ, ಬರುವಾಗ ಸದಸ್ಯರಿಗೆ ಬೇಕಾದ ಗೊಬ್ಬರ, ಸುಣ್ಣ, ಮೈಲುತುತ್ತ ತರಿಸೋಣ. ಒಂದು ವರ್ಷದ ಲೆಕ್ಕವನ್ನು ಈ ಪತ್ರಿಕೆಯಲ್ಲೇ ಪ್ರಕಟಿಸುತ್ತೇವೆ. ಲಾಭ ಕಂಡರೆ ಒಂದು ಲಾರಿ ಕೊಳ್ಳುವ ಮಾತಾಡೋಣ. ವಸತಿಗೃಹಕ್ಕೆ ಬೈಲಾ ತಿದ್ದುಪಡಿಯಾಗಬೇಕು. ಆಸಕ್ತರು ಅದಕ್ಕೆಂದೇ ಬೇರೆ ಷೇರು ಕೂಡಿಸಿ, ಬೇರೆ ಬುಟ್ಟಿಯಲ್ಲಿ ನಡೆಸುವುದಾದರೆ ಸಂಘ ಅಡ್ಡಿ ಬರಬೇಕಾಗಿಲ್ಲ.

ಪ್ರಶ್ನೆ ಎತ್ತಿದ ತರುಣ ಸದಸ್ಯರಿಗೆ ನಾವು ಋಣಿಗಳು. ಅವರು ಕೇಳದಿದ್ದರೆ ಈ ಲೆಕ್ಕ ಹಾಕುತ್ತಿರಲಿಲ್ಲ. ಮುಂದಿನ ವಿಶೇಷ ಸಭೆಗೆ ಎಲ್ಲರೂ ತಪ್ಪದೆ ಬನ್ನಿ. ಕೈ ಎತ್ತುವ ಮೊದಲು ನಿಮ್ಮ ಷೇರು ಪುಸ್ತಕವನ್ನೊಮ್ಮೆ ತೆರೆದು ನೋಡಿಕೊಂಡು ಬನ್ನಿ.

— ಕಾರ್ಯದರ್ಶಿ