ಡಾಂಬರು ಬಳಿಸಿಕೊಂಡ ರಾಣಿ

ಮುಂಬೈನ ಬೈಕುಲಾದಲ್ಲಿರುವ ರಾಣಿ ಬಾಗ್‌ಗೆ ಈಗ ಜನ ಮುಗಿಬೀಳುವುದು ಪೆಂಗ್ವಿನ್ ನೋಡಲು. ವಿಕ್ಟೋರಿಯಾ ಗಾರ್ಡನ್ಸ್ ಎಂಬ ಹಳೆಯ ಹೆಸರು ಹೋಗಿ ಜೀಜಾಮಾತಾ ಉದ್ಯಾನವಾಗಿ ಅರ್ಧ ಶತಮಾನವೇ ಕಳೆದಿದೆ. ಊರಿನವರ ಬಾಯಲ್ಲಿ ಮಾತ್ರ ಅದು ಇನ್ನೂ ರಾಣಿ ಬಾಗ್. ಪೆಂಗ್ವಿನ್ ನೋಡಿ ಐಸ್‌ಕ್ರೀಂ ತಿಂದು ಹೊರಡುವವರಲ್ಲಿ ಆ ರಾಣಿ ವಿಕ್ಟೋರಿಯಾಳನ್ನು ಕಂಡು ಹೋಗುವವರು ಕಡಿಮೆ. ಉದ್ಯಾನಕ್ಕೆ ಅಂಟಿಕೊಂಡೇ ಇರುವ ಡಾ. ಭಾವು ದಾಜಿ ಲಾಡ್ ವಸ್ತುಸಂಗ್ರಹಾಲಯದ ಆವರಣದಲ್ಲಿ ಆಕೆ ಕುಳಿತಿದ್ದಾಳೆ. ಬಿಳಿ ಅಮೃತಶಿಲೆಯ ಮೈ, ಮುಕ್ಕಾದ ಮೂಗು, ತಲೆಯ ಮೇಲೆ ಬರೀ ಆಕಾಶ.

ಈ ಮೂರ್ತಿಗೆ ದುಡ್ಡು ಕೊಟ್ಟದ್ದು ಬ್ರಿಟಿಷ್ ಸರ್ಕಾರವಲ್ಲ, ಬರೋಡದ ಖಂಡೇರಾವ್ ಗಾಯಕವಾಡ್. ‘ಸ್ಟಾರ್ ಆಫ್ ದಿ ಸೌತ್’ ವಜ್ರ ಕೊಂಡವನು, ಮುತ್ತಿನ ಜಮಖಾನೆ ಮಾಡಿಸಿದವನು ಇದೇ ದೊರೆ. ಮೂರ್ತಿಗೆ ಆದ ಖರ್ಚು ಸುಮಾರು 1.82 ಲಕ್ಷ ರೂಪಾಯಿ, ಅದರಲ್ಲಿ 1.65 ಲಕ್ಷ ಅವನದು. ಲಂಡನ್ನಿನ ಶಿಲ್ಪಿ ಮ್ಯಾಥ್ಯೂ ನೋಬಲ್ ಸಿಂಹಾಸನದಲ್ಲಿ ಕುಳಿತ ರಾಣಿಯನ್ನು ಕೆತ್ತಿದ. ಸುತ್ತ ಗೋಥಿಕ್ ಶೈಲಿಯ ಎತ್ತರದ ಮಂಟಪ, ಅದರ ಕೆತ್ತನೆಯಲ್ಲಿ ಇಂಗ್ಲೆಂಡಿನ ಗುಲಾಬಿಯ ಜೊತೆ ನಮ್ಮ ತಾವರೆ. 1872ರ ಏಪ್ರಿಲ್ 29ರಂದು, ವೈಸ್‌ರಾಯ್ ಹುದ್ದೆ ವಹಿಸಿಕೊಳ್ಳಲು ಆಗಷ್ಟೇ ಬಂದಿಳಿದಿದ್ದ ಲಾರ್ಡ್ ನಾರ್ತ್‌ಬ್ರೂಕ್ ಅದನ್ನು ಅನಾವರಣ ಮಾಡಿದ. ಭಾರತದ ಚಕ್ರವರ್ತಿನಿ ಎಂಬ ಬಿರುದು ವಿಕ್ಟೋರಿಯಾಳಿಗೆ ಬರಲು ಇನ್ನೂ ನಾಲ್ಕು ವರ್ಷವಿತ್ತು.

ದುಡ್ಡು ಕೊಟ್ಟ ದೊರೆ ಆ ದಿನವನ್ನು ನೋಡಲಿಲ್ಲ. 1870ರ ನವೆಂಬರಿನಲ್ಲೇ ಖಂಡೇರಾವ್ ತೀರಿಕೊಂಡಿದ್ದ. ಗದ್ದುಗೆಗೆ ಬಂದ ತಮ್ಮ ಮಲ್ಹಾರರಾವ್‌ನ ಮೇಲೆ ಬ್ರಿಟಿಷ್ ರೆಸಿಡೆಂಟನಿಗೆ ವಿಷ ಹಾಕಿಸಲು ಯತ್ನಿಸಿದ ಆರೋಪ ಬಂತು. ಅವನನ್ನು 1875ರಲ್ಲಿ ಪಟ್ಟದಿಂದ ಇಳಿಸಿದ್ದು ಅದೇ ನಾರ್ತ್‌ಬ್ರೂಕ್‌ನ ಸರ್ಕಾರ. ಅಣ್ಣನ ಕಾಣಿಕೆಯ ಪರದೆ ಸರಿಸಿದ ಕೈಯೇ ತಮ್ಮನನ್ನು ಊರು ಬಿಡಿಸಿತು.

ಮೂರ್ತಿ ಮೊದಲಿದ್ದ ಜಾಗ ಫ್ಲೋರಾ ಫೌಂಟನ್ನಿನ ಹತ್ತಿರ, ಟೆಲಿಗ್ರಾಫ್ ಕಚೇರಿಯ ಪಕ್ಕ. ಎಸ್‌ಪ್ಲನೇಡ್ ರಸ್ತೆ ಎನ್ನುತ್ತಿದ್ದ ಆ ಹಾದಿಯೇ ಇಂದಿನ ಮಹಾತ್ಮ ಗಾಂಧಿ ರಸ್ತೆ. ಕೋಟೆ ಪ್ರದೇಶಕ್ಕೆ ಕೆಲಸಕ್ಕೆ ಹೋಗುವ ಗುಮಾಸ್ತ, ವಕೀಲ, ಕೂಲಿಯವ, ಎಲ್ಲರೂ ದಿನವೂ ಅದರ ಮುಂದೆಯೇ ಹಾಯಬೇಕಿತ್ತು. ಆ ಕಾರಣಕ್ಕೇ ಅದು ಕಣ್ಣು ಕುಕ್ಕುತ್ತಲೂ ಇದ್ದಿರಬೇಕು.

1896ರ ಅಕ್ಟೋಬರಿನ ಒಂದು ಬೆಳಗ್ಗೆ ಮುಂಬೈ ಕಂಡದ್ದು ಕಪ್ಪು ರಾಣಿಯನ್ನು. ಯಾರೋ ರಾತ್ರಿ ಡಾಂಬರು ಸುರಿದು, ಕೊರಳಿಗೆ ಚಪ್ಪಲಿ ಹಾರ ಹಾಕಿ ಹೋಗಿದ್ದರು. ಪೊಲೀಸರಿಗೆ ಸುಳಿವೇ ಸಿಗಲಿಲ್ಲ. ಮುಂದಿನ ವರ್ಷ ಜೂನ್ 22ರ ರಾತ್ರಿ, ಅದೇ ರಾಣಿ ಸಿಂಹಾಸನವೇರಿದ ವಜ್ರಮಹೋತ್ಸವದ ಸಂಭ್ರಮ ಮುಗಿಸಿ ಬರುತ್ತಿದ್ದ ಪ್ಲೇಗ್ ಅಧಿಕಾರಿ ರ‍್ಯಾಂಡ್‌ನ ಮೇಲೆ ಪುಣೆಯಲ್ಲಿ ಗುಂಡು ಹಾರಿತು. ಸಿಕ್ಕಿಬಿದ್ದ ಚಿಂಚವಡದ ದಾಮೋದರ ಹರಿ ಚಾಪೇಕರ್, ಮುಂಬೈನಲ್ಲಿ ಡಾಂಬರು ಬಳಿದವರೂ ತಾವೇ ಎಂದು ಹೇಳಿಕೆ ಕೊಟ್ಟ. 1898ರ ಏಪ್ರಿಲಿನಲ್ಲಿ ಯರವಡಾ ಜೈಲಿನಲ್ಲಿ ಅವನನ್ನು ಗಲ್ಲಿಗೇರಿಸಿದರು. ಮರುವರ್ಷ ತಮ್ಮಂದಿರಾದ ಬಾಲಕೃಷ್ಣ, ವಾಸುದೇವರನ್ನೂ. ರ‍್ಯಾಂಡ್ ಹತ್ಯೆಯ ಕಥೆ ಪಠ್ಯಪುಸ್ತಕ ಸೇರಿತು. ಆ ಸಿಟ್ಟಿನ ಮೊದಲ ಗುರುತು ಬಿದ್ದದ್ದು ಈ ಕಲ್ಲಿನ ಮೇಲೆ ಎಂಬುದು ಅಷ್ಟಾಗಿ ಯಾರ ನೆನಪಿನಲ್ಲೂ ಇಲ್ಲ.

ಸರ್ಕಾರಕ್ಕೆ ಆಗ ಅಪರಾಧಿಗಿಂತ ದೊಡ್ಡ ತಲೆನೋವಾದದ್ದು ಕಲೆ. ಅಮೃತಶಿಲೆ ನೋಡಲು ಗಟ್ಟಿ, ಆದರೆ ಅದರ ಮೈತುಂಬ ಕಣ್ಣಿಗೆ ಕಾಣದ ಸೂಕ್ಷ್ಮ ರಂಧ್ರಗಳು. ಡಾಂಬರು ಅದರೊಳಗೆ ಇಳಿದರೆ ಒರೆಸಿ ತೆಗೆಯುವಂತಿಲ್ಲ. ಹೆರೆದರೆ ಶಿಲ್ಪಿ ಕೊಟ್ಟ ನಯವೇ ಹೋಗುತ್ತದೆ. ಆಮ್ಲ ಹಾಕಿದರೆ ಕಲೆಗಿಂತ ಮೊದಲು ಕಲ್ಲೇ ಕರಗುತ್ತದೆ. ಅಡುಗೆಮನೆಯ ಮಾರ್ಬಲ್ ಕಟ್ಟೆಯ ಮೇಲೆ ನಿಂಬೆರಸ ಚೆಲ್ಲಿ ಮಂಕಾದದ್ದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ದೊಡ್ಡ ದೊಡ್ಡ ತಜ್ಞರೂ ಕೈಚೆಲ್ಲಿದ್ದರು ಎಂಬ ಮಾತಿದೆ. ಕೊನೆಗೆ ಕಲೆ ತೆಗೆದವರು ಸೂರತ್ ಮೂಲದ ರಸಾಯನಶಾಸ್ತ್ರಜ್ಞ ತ್ರಿಭುವನದಾಸ್ ಕಲ್ಯಾಣದಾಸ್ ಗಜ್ಜರ್.

ಗಜ್ಜರ್ ಬರೋಡ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿದ್ದವರು. ಆಗಿನ ದೊರೆ ಸಯಾಜಿರಾವ್ ಗಾಯಕವಾಡರ ಬೆಂಬಲದಿಂದ 1890ರಲ್ಲಿ ಅಲ್ಲಿ ಕಲಾಭವನ ಎಂಬ ತಾಂತ್ರಿಕ ಶಾಲೆ ಕಟ್ಟಿ, ಬಣ್ಣಗಾರಿಕೆಯಂಥ ಕಸುಬುಗಳಿಗೆ ರಸಾಯನಶಾಸ್ತ್ರದ ಬುನಾದಿ ಹಾಕಿದವರು. ಮುಂದೆ ಮುಂಬೈನಲ್ಲಿ ಸ್ವಂತ ಪ್ರಯೋಗಾಲಯ ತೆರೆದರು. 1907ರಲ್ಲಿ ಶುರುವಾದ ಅಲೆಂಬಿಕ್ ಔಷಧ ಕಂಪನಿಯ ಹಿಂದೆಯೂ ಅವರಿದ್ದರು. ಬರೋಡದ ದೊರೆ ಕೊಟ್ಟ ಮೂರ್ತಿಯನ್ನು ಬರೋಡದಲ್ಲಿ ಹೆಸರು ಮಾಡಿದ ಮೇಷ್ಟರೇ ತೊಳೆದುಕೊಟ್ಟರು. ಒಬ್ಬ ತರುಣ ಜೀವದ ಹಂಗು ತೊರೆದು ಮಾಡಿದ್ದನ್ನು ಇನ್ನೊಬ್ಬ ಭಾರತೀಯ ಅಳಿಸಿದ ಎಂದು ಈಗ ಮುಖ ಸಿಂಡರಿಸಬಹುದು. ನನಗಂತೂ ಹಾಗನ್ನಿಸುವುದಿಲ್ಲ. ವಿಜ್ಞಾನವೆಂದರೆ ಬಿಳಿಯರ ಸ್ವತ್ತು ಎಂಬ ನಂಬಿಕೆಗೆ ಆ ಕಾಲದಲ್ಲಿ ಅದೂ ಒಂದು ಪೆಟ್ಟೇ.

ಸ್ವಾತಂತ್ರ್ಯ ಬಂದ ಮೇಲೂ ರಾಣಿ ಹದಿನೆಂಟು ವರ್ಷ ಅಲ್ಲೇ ಇದ್ದಳು. 1965ರಲ್ಲಿ ಮುಂಬೈ ರಸ್ತೆಗಳ ಬ್ರಿಟಿಷ್ ಮೂರ್ತಿಗಳನ್ನು ಎತ್ತಿ ಬೈಕುಲಾಕ್ಕೆ ಸಾಗಿಸಿದಾಗ ಆಕೆಯೂ ಬಂದಳು. ಕುದುರೆ ಏರಿದ ಮಗ ಏಳನೇ ಎಡ್ವರ್ಡ್ ಕೂಡ ಬಂದ. ‘ಕಾಲಾ ಘೋಡಾ’ ಎಂದು ಇಡೀ ಬಡಾವಣೆಗೆ ಹೆಸರಾದ ಕಂಚಿನ ಪ್ರತಿಮೆ ಅದು. ಅವನು ಬಿಟ್ಟುಹೋದ ಜಾಗದಲ್ಲಿ 2017ರಲ್ಲಿ ಸವಾರನಿಲ್ಲದ ಹೊಸ ಕುದುರೆ ನಿಂತಿತು. ತಾಯಿ ಕುಳಿತಿದ್ದ ಜಾಗದ ನೆನಪು ಯಾರಿಗೂ ಬರಲಿಲ್ಲ. ನಮ್ಮ ಬೆಂಗಳೂರಿನಲ್ಲಿ ಹೀಗಾಗಲಿಲ್ಲ. ಥಾಮಸ್ ಬ್ರಾಕ್ ಕೆತ್ತಿದ ಅಮೃತಶಿಲೆಯ ವಿಕ್ಟೋರಿಯಾ 1906ರ ಫೆಬ್ರವರಿಯಿಂದ ಕಬ್ಬನ್ ಪಾರ್ಕಿನ ಅಂಚಿನಲ್ಲಿ ಅದೇ ಜಾಗದಲ್ಲಿ ನಿಂತಿದ್ದಾಳೆ.

ಬೈಕುಲಾಕ್ಕೆ ಬರುವಾಗ ರಾಣಿ ಕಳೆದುಕೊಂಡದ್ದು ಮಂಟಪವನ್ನು. ಅದನ್ನು ಬರೀ ಅಲಂಕಾರ ಅಂದುಕೊಂಡರೆ ತಪ್ಪು, ಅದು ಕೊಡೆಯೂ ಆಗಿತ್ತು. ಮುಂಬೈನಲ್ಲಿ ವರ್ಷಕ್ಕೆ 2,000 ಮಿಲಿಮೀಟರಿಗೂ ಹೆಚ್ಚು ಮಳೆ, ಅದೂ ಬಹುಪಾಲು ನಾಲ್ಕೇ ತಿಂಗಳಲ್ಲಿ. ಮಳೆನೀರು ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿ ತುಸು ಹುಳಿಯಾಗಿಯೇ ಇಳಿಯುತ್ತದೆ, ನಗರದ ಹೊಗೆ ಸೇರಿದರೆ ಇನ್ನಷ್ಟು. ಅದು ಸುರಿದಷ್ಟೂ ಅಮೃತಶಿಲೆಯ ಮೇಲ್ಮೈ ಕರಗಿ ಹೊಳಪು ಹೋಗುತ್ತದೆ, ಕಲ್ಲು ಸಕ್ಕರೆಯ ಹಾಗೆ ತರಿತರಿಯಾಗುತ್ತದೆ. ನೀರು ನಿಲ್ಲುವ ಮಡಿಕೆಗಳಲ್ಲಿ ಪಾಚಿ ಕಟ್ಟುತ್ತದೆ. ಡಾಂಬರನ್ನು ಗಜ್ಜರ್ ತೆಗೆಯಬಲ್ಲವರಾದರು. ಕರಗಿಹೋದ ಕಲ್ಲನ್ನು ತಿರುಗಿ ಕೂಡಿಸುವ ರಸಾಯನಶಾಸ್ತ್ರ ಇನ್ನೂ ಬಂದಿಲ್ಲ.

ಚಾವಣಿಯೊಂದು ಇದ್ದರೆ ಏನಾಗುತ್ತಿತ್ತು ಎಂದು ತಿಳಿಯಲು ದೂರ ಹೋಗಬೇಕಿಲ್ಲ. ವಸ್ತುಸಂಗ್ರಹಾಲಯದ ಒಳಗೆ ಕಾಲಿಟ್ಟರೆ ನಡುಹಜಾರದಲ್ಲಿ ವಿಕ್ಟೋರಿಯಾಳ ಗಂಡ, ರಾಜಕುಮಾರ ಆಲ್ಬರ್ಟ್ ನಿಂತಿದ್ದಾನೆ. ಯಹೂದಿ ವರ್ತಕ ಡೇವಿಡ್ ಸಸೂನ್‌ನ ಕೊಡುಗೆ ಅದು. ಶಿಲ್ಪಿ ಅದೇ ಮ್ಯಾಥ್ಯೂ ನೋಬಲ್, ಕಾಲ ಹೆಚ್ಚುಕಡಿಮೆ ಅದೇ, ಕಲ್ಲೂ ಅಮೃತಶಿಲೆಯೇ. ಅವನ ಮೈಯ ನಯ ಇನ್ನೂ ಉಳಿದಿದೆ. ಈ ಕಟ್ಟಡವನ್ನು ಐದು ವರ್ಷ ಕೂತು ಜೀರ್ಣೋದ್ಧಾರ ಮಾಡಿ, 2005ರಲ್ಲಿ ಯುನೆಸ್ಕೋದ ಏಷ್ಯಾ-ಪೆಸಿಫಿಕ್ ಪ್ರಶಸ್ತಿಯನ್ನೂ ಗಳಿಸಿದವರು ಮುಂಬೈನವರೇ. ಅದೇ ಆವರಣದ ಮೂರ್ತಿಗೆ ಒಂದು ಮಾಡು ಹಾಕುವುದು ಅವರಿಗೆ ಎಷ್ಟರ ಕೆಲಸ? ರಾಣಿಗೆ ಮರ್ಯಾದೆ ಕೊಡಲೆಂದು ಹೇಳುತ್ತಿಲ್ಲ. ಚಾಪೇಕರ್‌ನ ಸಿಟ್ಟು, ಗಜ್ಜರ್ ಅವರ ಜಾಣ್ಮೆ ಎರಡನ್ನೂ ಮೈಮೇಲೆ ಹೊತ್ತ ಕಲ್ಲು ಮುಂಬೈನಲ್ಲಿ ಇನ್ನೊಂದಿಲ್ಲ.

ಬೈಕುಲಾ ಸ್ಟೇಷನ್ನಿನ ಪೂರ್ವ ದಿಕ್ಕಿಗೆ ಇಳಿದರೆ ನಡೆದೇ ಹೋಗಬಹುದು. ವಸ್ತುಸಂಗ್ರಹಾಲಯದ ಎದುರಿಗಿರುವ ದೊಡ್ಡ ಕಲ್ಲಾನೆ ಎಲಿಫೆಂಟಾ ದ್ವೀಪದ್ದು. ಆ ದ್ವೀಪಕ್ಕೆ ಹೆಸರು ಬಂದದ್ದೇ ಅದರಿಂದ, ಅದನ್ನೂ ನಿಂತು ನೋಡಿ. ಬುಧವಾರ ಮಾತ್ರ ಹೋಗಬೇಡಿ, ಉದ್ಯಾನ, ವಸ್ತುಸಂಗ್ರಹಾಲಯ ಎರಡಕ್ಕೂ ಅಂದು ರಜೆ.